ದೂರದ ಓಟವೂ ಅಭ್ಯಾಸಹೀನ ಸಾಹಸವೂ

ಮ್ಯಾರಥಾನಿನ 42.195 ಕಿಲೋಮೀಟರುಗಳನ್ನು ಮೀರಿ 50, 80, 100 ಕಿಲೋಮೀಟರುಗಳವರೆಗೆ ಓಡುವ ಅಲ್ಟ್ರಾಮ್ಯಾರಥಾನ್ ಪಂದ್ಯಗಳು ನಮ್ಮ ದೇಶದಲ್ಲಿಯೂ ಬೇರೂರಿವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆಯೂ ಲಡಾಖಿನ ಖರ್ದುಂಗ್ ಲಾ ಘಟ್ಟದ ಮೇಲೆಯೂ ನಮ್ಮ ತರುಣರು ಓಡಿರುವುದನ್ನು ಕೇಳಿ ಹಿಗ್ಗದವರಾರು? ಆದರೆ ವರ್ಷವಿಡೀ ಕಚೇರಿಯ ಮೇಜಿಗೆ ಅಂಟಿಕೊಂಡಿದ್ದು, ಸ್ನೇಹಿತರೊಡನೆ ಪಂತ ಕಟ್ಟಿ, ಮೂರು ನಾಲ್ಕು ವಾರಗಳ ಓಡಾಟವನ್ನೇ ನೆಚ್ಚಿ ಇಂತಹ ಪಂದ್ಯಕ್ಕೆ ಶುಲ್ಕ ತೆತ್ತು ನಿಲ್ಲುವವರನ್ನು ನಾವು ವೀರರೆಂದು ಹೊಗಳಲಾರೆವು. ಯುದ್ಧಕಾಲದ ಶಸ್ತ್ರಾಭ್ಯಾಸವನ್ನು ನಮ್ಮ ಹಿರಿಯರು ಹಾಸ್ಯ ಮಾಡಿದರು. ಇಲ್ಲಿ ಆ ಅಭ್ಯಾಸವೂ ಇಲ್ಲ.

ಮನಸ್ಸು ಗಟ್ಟಿಯಾಗಿದ್ದರೆ ಸಾಕು, ಕಾಲು ತಾನಾಗಿ ನಡೆಯುವುದು ಎಂದು ವಾದಿಸುವವರಿದ್ದಾರೆ. ಅವರಿಗೆ ಪ್ರಿಯವಾದ ದೃಷ್ಟಾಂತವೊಂದುಂಟು. ದಕ್ಷಿಣ ಆಫ್ರಿಕದ ಡರ್ಬನ್, ಪೀಟರ್‌ಮಾರಿಟ್ಸ್‌ಬರ್ಗ್ ಪಟ್ಟಣಗಳ ನಡುವೆ ಸುಮಾರು 90 ಕಿಲೋಮೀಟರುಗಳ ಕಾಮ್ರೇಡ್ಸ್ ಓಟವು, ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ಸ್ಮರಣಾರ್ಥವಾಗಿ 1921ರಲ್ಲಿ ಆರಂಭವಾಯಿತು. (1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದೂಡಿದ್ದು ಇದೇ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ, ಈ ಓಟವೂ 1975ರವರೆಗೆ ಬಿಳಿಯರಲ್ಲದವರಿಗೂ ಸ್ತ್ರೀಯರಿಗೂ ಅಧಿಕೃತವಾಗಿ ಮುಚ್ಚಿದ ಬಾಗಿಲಾಗಿದ್ದಿತೆಂಬುದನ್ನು ಹೇಳದೆ ಮುಂದುವರಿಯಲು ನಮಗೆ ಮನಸ್ಸಾಗದು.) ಮೊದಲ ವರ್ಷ ಹೊರಟವರು 34 ಮಂದಿ, ಗುರಿ ಮುಟ್ಟಿದವರು 16 ಮಂದಿ. 1922ರಲ್ಲಿ ಬಿಲ್ ಪೇನ್ ಎಂಬ ರಗ್ಬಿ ಆಟಗಾರರು ಆಟದ ಬೂಟುಗಳನ್ನೇ ತೊಟ್ಟು ಹೊರಟು, ದಾರಿಯಲ್ಲಿ ಕೋಳಿಸಾರು ಮೊದಲಾದವನ್ನು ಉಂಡು, ಎಂಟನೆಯವರಾಗಿ ತಲಪಿದರೆಂದು ಆ ಓಟದ ಕಥೆಗಾರರು ಇಂದಿಗೂ ನಗುತ್ತಾ ಹೇಳುತ್ತಾರೆ.

ಕಥೆ ಸೊಗಸಾಗಿದೆ. ಆದರೆ ಪೇನ್ ಮಹಾಶಯರು ಎರಡೇ ವರ್ಷಗಳ ಅನಂತರ ತಮ್ಮ ದೇಶದ ರಗ್ಬಿ ತಂಡದಲ್ಲಿ ಆಡಿದ ಕಟ್ಟಾಳು. ಗುಮಾಸ್ತೆಯ ಕುರ್ಚಿಯಿಂದ ಎದ್ದು ಬಂದವರಲ್ಲ. ಆ ದಿನ ಗೆದ್ದವರಾದರೂ ಯಾರು? ಆರ್ಥರ್ ನ್ಯೂಟನ್ ಎಂಬ ರೈತರು. ನಲವತ್ತರ ಹತ್ತಿರದ ವಯಸ್ಸಿನಲ್ಲಿ, ಆ ವರ್ಷದ ಜನವರಿಯಿಂದ ಓಟದ ದಿನದವರೆಗೆ ನಿಧಾನವಾಗಿ ದೂರವನ್ನು ಬೆಳೆಸುತ್ತಾ ಹೋದವರು, ಮುಂದೆ ಒಟ್ಟು ಐದು ಬಾರಿ ಗೆದ್ದರು. ಕೋಳಿಸಾರನ್ನು ನೆನೆಯುವವರು ಈ ಐದು ತಿಂಗಳನ್ನು ಮರೆಯುವರು.

ಶರೀರದ ಲೆಕ್ಕವೇ ಬೇರೆ. ಹೃದಯ ಶ್ವಾಸಕೋಶಗಳು ಕೆಲವು ವಾರಗಳಲ್ಲಿಯೇ ಪಳಗತೊಡಗುವುವು. ಸ್ನಾಯುರಜ್ಜುಗಳೂ ಎಲುಬುಗಳೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಭಾರ ಹೊತ್ತ ಮೇಲೆಯೇ ಗಟ್ಟಿಯಾಗುವುವು. ಮೋಸವಿರುವುದು ಇಲ್ಲಿಯೇ. ಉಸಿರು ಹತೋಟಿಗೆ ಬಂದೊಡನೆ ತಾನು ಸಿದ್ಧನಾದೆನೆಂದು ತರುಣನು ಭ್ರಮಿಸುತ್ತಾನೆ. ಪಳಗದ ಮಾಂಸಖಂಡಗಳು ಇಳಿಜಾರಿನಲ್ಲಿ ಗಂಟೆಗಟ್ಟಲೆ ಜಗ್ಗಿ ಒಡೆದರೆ, ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಮೂತ್ರವು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದವನು ಓಡಬೇಕಾದುದು ಆಸ್ಪತ್ರೆಗೆ. ನೋವು ತಡೆಯಲು ಐಬುಪ್ರೊಫೆನ್ ಮಾತ್ರೆಗಳನ್ನು ನುಂಗುವವರು ಅದೇ ಮೂತ್ರಪಿಂಡಗಳಿಗೆ ಎರಡನೆಯ ಪೆಟ್ಟು ಕೊಡುತ್ತಾರೆ. ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಮಿದುಳು ಬಾಯುವುದೆಂಬುದನ್ನು ದಕ್ಷಿಣ ಆಫ್ರಿಕದ ಟಿಮ್ ನೋಕ್ಸ್ ಮತ್ತು ಸಂಗಡಿಗರು ಇಂತಹ ಓಟಗಾರರಲ್ಲಿಯೇ ಗುರುತಿಸಿ 1985ರಲ್ಲಿ ಪ್ರಕಟಿಸಿದರು. ನಿಧಾನವಾಗಿ ಬಹುಕಾಲ ದಾರಿಯಲ್ಲಿರುವವನಿಗೆ ಈ ಅಪಾಯ ಹೆಚ್ಚು. ಅಭ್ಯಾಸವಿಲ್ಲದವನು ನಿಧಾನವಾಗಿರದೆ ಮತ್ತೇನಾದಾನು?

ಪಳಗಿದವರಿಗೂ ಪ್ರಕೃತಿ ದಯೆ ತೋರದು. 2021ರ ಮೇ 22ರಂದು ಚೀನದ ಗಾನ್ಸು ಪ್ರಾಂತದ 100 ಕಿಲೋಮೀಟರ್ ಓಟದಲ್ಲಿ ಬೆಟ್ಟದ ಮೇಲೆ ಚಳಿಗಾಳಿಯೂ ಮಳೆಯೂ ಎರಗಿ, 172 ಮಂದಿಯಲ್ಲಿ 21 ಮಂದಿ ಅಸುನೀಗಿದರು. ಮಡಿದವರಲ್ಲಿ ಆ ದೇಶದ ಅಗ್ರಗಣ್ಯ ಓಟಗಾರರೂ ಇದ್ದರು.

ಆದುದರಿಂದ ತರುಣರೊಬ್ಬರನ್ನೇ ದೂರುವುದು ನಮಗೆ ಸಮ್ಮತವಲ್ಲ. ಹಣ ಕೊಟ್ಟವನಿಗೆಲ್ಲ ಅಂಕೆಯ ಚೀಟಿಯನ್ನು ಎದೆಗೆ ಅಂಟಿಸುವ ವ್ಯವಸ್ಥಾಪಕರೂ, ಸಿಬ್ಬಂದಿಯ ಉತ್ಸಾಹವೆಂದು ಬೆನ್ನು ತಟ್ಟುವ ಮೇಲಧಿಕಾರಿಗಳೂ ಹೊಣೆಗಾರರೇ. ನಮ್ಮ ಗರಡಿಗಳಲ್ಲಿ ಉಸ್ತಾದರ ಒಪ್ಪಿಗೆಯಿಲ್ಲದೆ ಹುಡುಗನು ಕುಸ್ತಿಯ ಕಣಕ್ಕೆ ಇಳಿಯುತ್ತಿರಲಿಲ್ಲ. ಅಂತಹ ಕಟ್ಟು ಇಲ್ಲಿಯೂ ಬೇಕು. ಪೂರ್ಣ ಮ್ಯಾರಥಾನನ್ನು ನಿಗದಿತ ಅವಧಿಯೊಳಗೆ ಮುಗಿಸಿದ ದಾಖಲೆಯಿಲ್ಲದವರಿಗೆ ಪ್ರವೇಶವನ್ನು ನಿರಾಕರಿಸತಕ್ಕದ್ದು. ದಾರಿಯ ನಡುನಡುವೆ ವೇಳೆ ಮೀರಿದವರನ್ನು ಬಸ್ಸು ಹತ್ತಿಸತಕ್ಕದ್ದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನಲ್ಲ, ವೈದ್ಯರನ್ನೇ ಇರಿಸತಕ್ಕದ್ದು. ಪ್ರವೇಶಶುಲ್ಕ ಕಡಿಮೆಯಾಗುವುದೆಂಬ ಆಕ್ಷೇಪಣೆ ಬರಬಹುದು. ಆಗಲಿ. ಕಾಮ್ರೇಡ್ಸ್ ಓಟವು ಇಂತಹ ಅರ್ಹತೆಯನ್ನು ಕೇಳಿಯೂ ಸಹಸ್ರಾರು ಮಂದಿಯನ್ನು ಸೆಳೆಯುತ್ತಿದೆ. ಅಲ್ಲಿ ಹನ್ನೆರಡು ಗಂಟೆಗಳು ತುಂಬಿದೊಡನೆ ಅಧಿಕಾರಿಯೊಬ್ಬರು, ಕೊನೆಯವರ ಮುಖ ನೋಡಿ ಮನಸ್ಸು ಕರಗಬಾರದೆಂದು, ಬರುವ ಓಟಗಾರರಿಗೆ ಬೆನ್ನು ಮಾಡಿ ನಿಂತು ಬಂದೂಕು ಹಾರಿಸುತ್ತಾರೆ.