ವಾಗ್ಗೇಯಕಾರರ ನೆಲೆಗಳಿಗೆ ಹೊರಡುವವರಲ್ಲಿ ವಿಜ್ಞಾಪನೆ

ಬೆಂಗಳೂರಿನ ಲಗ್ಗೆರೆಯಂತಹ ಬಡಾವಣೆಗಳಲ್ಲಿ ಹತ್ತಾರು ಮನೆಯವರು ಕೂಡಿ, ಬಸ್ಸು ಗೊತ್ತುಮಾಡಿಕೊಂಡು ಪ್ರವಾಸ ಹೊರಡುವ ರೂಢಿಯುಂಟು. ಅವರಲ್ಲಿ ಸಂಗೀತಾಭಿಮಾನಿಗಳು ವಾಗ್ಗೇಯಕಾರರ ಸ್ಥಳವನ್ನು ಕಾಣಬೇಕೆಂದರೆ ಮೊದಲು ತಿರುವಯ್ಯಾರನ್ನೇ ನೆನೆಯುವರು. ಅದು ಯೋಗ್ಯವೇ. ಅಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು 1878ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು. ಆದರೆ ತ್ಯಾಗರಾಜರೇ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಪುರಂದರದಾಸರಿಗೆ ವಂದಿಸಿರುವಾಗ, ಕನ್ನಡಿಗರಾದ ನಾವು ಆ ದಾಸರ ನೆಲೆಯನ್ನು ಮರೆಯುವುದು ಯಾವ ನ್ಯಾಯ?

ಹಂಪೆಗೆ ಹೋಗುವವರೇನೋ ಕಡಮೆಯಿಲ್ಲ. ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಎಲ್ಲರೂ ನೋಡುವರು. ಅಲ್ಲಿಂದ ನಡೆದುಹೋಗುವಷ್ಟು ಸಮೀಪದಲ್ಲಿ, ತುಂಗಭದ್ರೆಯ ದಡದಲ್ಲಿರುವ ಪುರಂದರ ಮಂಟಪಕ್ಕೆ ಇಳಿಯುವವರು ಎಷ್ಟು ಮಂದಿ? ನಮ್ಮ ಮಕ್ಕಳು ಮಾಯಾಮಾಳವಗೌಳದಲ್ಲಿ ಸರಳೆವರಸೆಯನ್ನು ತೊಡಗುವ ಕ್ರಮವನ್ನು ಹಾಕಿಕೊಟ್ಟವರು ಆ ದಾಸರೇ ಎಂದು ಸಂಪ್ರದಾಯವು ಹೇಳುತ್ತದೆ.

ಹಂಪೆಯೊಂದನ್ನೇ ಕಂಡರೂ ಸಾಲದು. ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಅವರ ಶಿಷ್ಯರು ವ್ಯಾಸರಾಯರು. ವ್ಯಾಸರಾಯರ ಶಿಷ್ಯರು ಪುರಂದರ-ಕನಕರು. 1947ರಲ್ಲಿ ಮುಳಬಾಗಿಲು ಮೈಸೂರು ಸಂಸ್ಥಾನಕ್ಕೂ, ಹಂಪೆ ಮದರಾಸು ಪ್ರಾಂತಕ್ಕೂ, ಕನಕದಾಸರ ಕಾಗಿನೆಲೆ ಮುಂಬಯಿ ಪ್ರಾಂತಕ್ಕೂ, ಜಗನ್ನಾಥದಾಸರ ಮಾನ್ವಿ ನಿಜಾಮರ ಸಂಸ್ಥಾನಕ್ಕೂ ಸೇರಿದ್ದುವು. ಆಡಳಿತವು ಹೀಗೆ ಹಂಚಿದ್ದ ನಾಡಿನಲ್ಲಿ ದಾಸರ ಪದವು ಮನೆಮನೆಯಲ್ಲಿಯೂ ಒಂದೇ ಆಗಿದ್ದಿತು. 1956ನೆಯ ನವೆಂಬರ್ 1ರ ಹೊತ್ತಿಗೆ ಆ ಗಡಿಗಳೆಲ್ಲ ಅಳಿದಿದ್ದುವು. ಈ ನಾಲ್ಕು ಊರುಗಳನ್ನು ಒಂದೇ ಯಾತ್ರೆಯಲ್ಲಿ ಕಂಡವನಿಗೆ ಏಕೀಕರಣದ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ವಿಜಯದಾಸರ ಚಿಪ್ಪಗಿರಿಯು ಆಂಧ್ರದಲ್ಲಿದೆ, ಅಲ್ಲಿಗೂ ಹೋಗತಕ್ಕದ್ದೇ.

ಕಾಲದ ವಿಷಯದಲ್ಲಿಯೂ ಒಂದು ಸೂಚನೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪವು ಮುಳುಗುವುದುಂಟು. ಪುಷ್ಯಮಾಸವೇ ಪ್ರಶಸ್ತ. ತ್ಯಾಗರಾಜರ ಆರಾಧನೆಯು ಪುಷ್ಯ ಬಹುಳ ಪಂಚಮಿಯಂದು, ಪುರಂದರದಾಸರದು ಅದೇ ಪಕ್ಷದ ಅಮಾವಾಸ್ಯೆಯಂದು. ತಿರುವಯ್ಯಾರಿಗೆ ಹೋದವರು ಹಿಂದಿರುಗಿ ಹಂಪೆಗೆ ಹೊರಡಲು ಬೇಕಾದಷ್ಟು ಅವಕಾಶವಿದೆ.

ಹೊರಡುವ ಮುನ್ನ ಪ್ರತಿಯೊಬ್ಬರೂ ಒಂದು ಕೀರ್ತನೆಯನ್ನಾದರೂ ಬಾಯಿಪಾಠ ಮಾಡಲಿ. ಉಪಾಧ್ಯಾಯರು ಹುಡುಗರಿಗೆ ಅದರ ಅರ್ಥವನ್ನು ತಿಳಿಸಲಿ. ಮಂಟಪದಲ್ಲಿ ಚಿತ್ರ ತೆಗೆಯುವುದಕ್ಕೆ ಮೊದಲು ಎಲ್ಲರೂ ಕುಳಿತು ಹಾಡಲಿ. ರಾಗ ತಪ್ಪಿದರೂ ಚಿಂತೆಯಿಲ್ಲ. ದಾಸರು ವಿದ್ವಾಂಸರಿಗೆ ಮಾತ್ರ ಹಾಡಿದವರಲ್ಲ. ಬೀದಿಯ ಜನರಿಗಾಗಿ ಹಾಡಿದವರು. ಲಗ್ಗೆರೆಯ ಬಸ್ಸಿನಲ್ಲಿ ಬಂದವರಿಗೂ ಆ ಪದಗಳ ಮೇಲೆ ಅಷ್ಟೇ ಹಕ್ಕಿದೆ.