ಸಹಿ ಹಾಕಿದ ಖಾಲಿ ಚೆಕ್

ತಿಪಟೂರಿನ ಎಪಿಎಂಸಿ ಹರಾಜಿನಲ್ಲಿ ಕೊಬ್ಬರಿ ಬೆಲೆ ಕ್ವಿಂಟಲ್‌ಗೆ ನೂರು ರೂಪಾಯಿ ಇಳಿದರೂ ನಮ್ಮ ಹಿರಿಯರು ವಾರವಿಡೀ ಅದನ್ನೇ ಮಾತನಾಡುತ್ತಾರೆ. ಆದರೆ ಅವರಲ್ಲೇ ಕೆಲವರು ಕೈಸಾಲಕ್ಕೆ ಭದ್ರತೆಯೆಂದು ಸಹಿ ಮಾತ್ರ ಹಾಕಿದ ಖಾಲಿ ಚೆಕ್ ಕೊಟ್ಟು ನಿಶ್ಚಿಂತೆಯಿಂದ ಮನೆಗೆ ಬರುತ್ತಾರೆ. ನನಗಂತೂ ಇದು ಒಪ್ಪಿಗೆಯಿಲ್ಲ.

‘ಮೊತ್ತವನ್ನೇ ಬರೆದಿಲ್ಲ, ಏನಾಗುತ್ತೆ ಬಿಡು’ ಎನ್ನುತ್ತಾರೆ. ಆಗುತ್ತದೆ. ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ, ಅದನ್ನು ಸಾಲಕ್ಕೆ ಕೊಟ್ಟದ್ದೆಂದೇ ಕಾನೂನು ಮೊದಲು ಭಾವಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಸಾಲ ತೀರಿತ್ತು ಎಂದು ತೋರಿಸುವ ಹೊಣೆ ಸಹಿ ಹಾಕಿದವರದು. ಚೆಕ್ ಬೌನ್ಸ್ ಅಪರಾಧ ಸಾಬೀತಾದರೆ 2 ವರ್ಷದವರೆಗೆ ಜೈಲಾಗಬಹುದು.

ಬೇರರ್ ಚೆಕ್ ಕೂಡ ಅಪಾಯವೇ, ಕಳೆದುಹೋದರೆ ಸಿಕ್ಕವರು ಹಣ ತೆಗೆಯಬಹುದು. ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯಿ’ ಎಂದು ಬರೆದರೆ, ಹೆಸರಿರುವವರ ಖಾತೆಗೇ ಹೋಗುತ್ತದೆ. ಮೊತ್ತದ ಕೊನೆಗೆ ‘ಮಾತ್ರ’ ಎಂದು ಬರೆದು ಉಳಿದ ಜಾಗಕ್ಕೆ ಗೆರೆ ಎಳೆಯಬೇಕು. ಕೊಬ್ಬರಿ ಮಾರಿ ಚೆಕ್ ಪಡೆದಾಗ ತಾರೀಖು ನೋಡಿ: ಮುಂದಿನ ತಾರೀಖಿದ್ದರೆ ಅಲ್ಲಿಯವರೆಗೆ ಹಣವಿಲ್ಲ, 3 ತಿಂಗಳು ದಾಟಿದರೆ ಆ ಚೆಕ್ ನಡೆಯುವುದಿಲ್ಲ. ಬೌನ್ಸ್ ಆಯಿತೆಂದು ಬ್ಯಾಂಕ್ ತಿಳಿಸಿದ 30 ದಿನದೊಳಗೆ ನೋಟಿಸ್ ಕೊಡಬೇಕು. ‘ಹಬ್ಬ ಕಳೆಯಲಿ’ ಎಂದು ಕೂತರೆ ಆ ದಾರಿಯೂ ಮುಚ್ಚಬಹುದು.

ಅಪ್ಪನಿಗೆ ಫೋನ್‌ಪೇ ಕಲಿಸಿದವರು ನಾವೇ ಅಲ್ಲವೇ? ಈ ಭಾನುವಾರ ಅವರ ಪಕ್ಕ ಕೂತು ಚೆಕ್‌ಬುಕ್ ತೆರೆದು, ಯಾವ ಹಾಳೆ ಯಾರ ಬಳಿ ಇದೆ ಎಂದು ಕೇಳಿ. ಸಾಲ ತೀರಿದ್ದರೆ ಚೆಕ್ ವಾಪಸ್ ಪಡೆಯಿರಿ. ಕೊಡದಿದ್ದರೆ ತೀರಿಸಿದ ರಸೀದಿ ಜೋಪಾನವಾಗಿಟ್ಟು, ಆ ನಂಬರಿನ ಚೆಕ್ ತಡೆಹಿಡಿಯಲು ಬ್ಯಾಂಕಿಗೆ ಬರೆದುಕೊಡಿ.