ಕಂಡವರು ಮೂವರು, ನಿಂತವನು ಒಬ್ಬ

ನಮ್ಮ ಚರ್ಚುಗಳಲ್ಲಿ ಹೇಳಿ ಹೇಳಿ ಸವೆದು ಹೋಗಿರೋ ಕಥೆ ಯಾವುದು ಅಂತ ಕೇಳಿದ್ರೆ ನನ್ನ ಓಟು ಒಳ್ಳೆಯ ಸಮಾರ್ಯದವನ ಕಥೆಗೆ. ಸಂಡೇ ಸ್ಕೂಲಿನ ಮಕ್ಕಳಿಗೂ ಅದು ಬಾಯಿಪಾಠ. ಗೊತ್ತಿಲ್ಲದ ಗೆಳೆಯರಿಗಾಗಿ ಚಿಕ್ಕದಾಗಿ ಹೇಳ್ತೀನಿ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗೋ ದಾರಿಯಲ್ಲಿ ಕಳ್ಳರು ಒಬ್ಬನನ್ನು ಬಡಿದು ಅರೆಜೀವ ಮಾಡಿ ಬಿಟ್ಟು ಹೋಗಿರ್ತಾರೆ. ಮೊದಲು ಒಬ್ಬ ಯಾಜಕ ಬರ್ತಾನೆ, ಆಮೇಲೆ ದೇವಾಲಯದ ಸೇವೆ ಮಾಡೋ ಲೇವಿಯ. ಇಬ್ಬರೂ ಪಕ್ಕಕ್ಕೆ ಸರಿದು ಮುಂದೆ ಹೋಗ್ತಾರೆ. ಮೂರನೆಯವನು ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನದವನು. ಅವನು ಗಾಯ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡ್ತಾನೆ.

ಪ್ರಸಂಗದ ಕೊನೆಗೆ ಸಾಮಾನ್ಯವಾಗಿ "ನಮಗೂ ಕರುಣೆ ಇರಲಿ" ಅಂತ ಬರುತ್ತೆ. ಸರಿಯೇ. ಆದ್ರೆ ಲೂಕನ ಸುವಾರ್ತೆಯ 10ನೇ ಅಧ್ಯಾಯ ತೆಗೆದು ನಿಧಾನಕ್ಕೆ ಓದಿ ನೋಡಿ. ಯಾಜಕ ಅವನನ್ನು ಕಂಡ. ಲೇವಿಯನೂ ಕಂಡ. ಸಮಾರ್ಯದವನೂ ಕಂಡ. ಮೂವರಲ್ಲಿ ಯಾರಿಗೂ ಕಣ್ಣಿನ ದೋಷ ಇರಲಿಲ್ಲ! ಆದ್ರೆ ಒಬ್ಬನ ನೋಟ ಮಾತ್ರ ಅಲ್ಲೇ ನಿಂತಿತು. ಕರುಣೆ ಹುಟ್ಟಿದ್ದು ಹಾಗೆ ನಿಂತ ನೋಟದಲ್ಲಿ ಅಂತ ನನಗನ್ನಿಸುತ್ತೆ.

ಇಂಥದ್ದೊಂದು ದಾರಿ ನಮ್ಮ ಆವತಿಯ ಮಗ್ಗುಲಲ್ಲೂ ಇದೆ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 44, ಹಳೇ ನಂಬರಿನಲ್ಲಿ 7. ಆ ಓಟದಲ್ಲಿ ಹೋಗೋರಿಗೆ ರಸ್ತೆ ಬದಿಯ ಮನುಷ್ಯ ಬರೀ ಒಂದು ಚುಕ್ಕಿ, ಅಷ್ಟೆ.

ನಮ್ಮ ಜಿಲ್ಲೆಯದೇ ಮಾತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಬೈಕಿನಲ್ಲಿ ಬರ್ತಿದ್ದ ಹರೀಶ್ ಅನ್ನೋ ಯುವಕ ಲಾರಿಗೆ ಸಿಕ್ಕಿ ದೇಹವೇ ಎರಡು ತುಂಡಾಯ್ತು. ಆ ಸ್ಥಿತಿಯಲ್ಲಿ ಅವರು ಸುತ್ತಲಿದ್ದವರನ್ನು ಕೇಳಿಕೊಂಡಿದ್ದು ತನ್ನ ಅಂಗಾಂಗ ದಾನ ಮಾಡಿ ಅಂತ. ಕಣ್ಣುಗಳು ದಾನವಾದವು. ಜೀವ ಹೋಗೋ ಹೊತ್ತಲ್ಲೂ ಆ ಮನುಷ್ಯನ ಗಮನ ಬೇರೆಯವರ ಮೇಲಿತ್ತು! ಅದೇ ವರ್ಷ ಸರ್ಕಾರ ಅವರ ಹೆಸರಲ್ಲಿ "ಮುಖ್ಯಮಂತ್ರಿ ಸಾಂತ್ವನ ಹರೀಶ್" ಯೋಜನೆ ತಂದಿತು. ಅಪಘಾತವಾದ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಅನ್ನೋದು ಅದರ ಉದ್ದೇಶವಾಗಿತ್ತು.

ಮರುವರ್ಷ, 2017ರಲ್ಲಿ, ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿ ಬಿದ್ದಿದ್ದ 18ರ ಹುಡುಗನೊಬ್ಬ ಸಹಾಯಕ್ಕೆ ಅಂಗಲಾಚ್ತಿದ್ರೆ ಸುತ್ತ ನಿಂತಿದ್ದವರಲ್ಲಿ ಕೆಲವರು ಮೊಬೈಲಿನಲ್ಲಿ ವಿಡಿಯೋ ಮಾಡ್ತಿದ್ರು. ಹುಡುಗ ಉಳಿಯಲಿಲ್ಲ. ನೋಡಿ, ಅಲ್ಲೂ ಎಲ್ಲರೂ "ಕಂಡರು". ಝೂಮ್ ಮಾಡಿ ಕಂಡರು.

"ಪೊಲೀಸ್ ಕೇಸು, ಕೋರ್ಟು ಅಲೆದಾಟ ಯಾರಿಗೆ ಬೇಕಪ್ಪಾ?" ಅನ್ನೋ ಭಯ ಸುಳ್ಳಲ್ಲ. ಅದಕ್ಕೂ ದಾರಿಯಾಗಿದೆ. ನೆರವಿಗೆ ಬಂದವರನ್ನು ಕಾಪಾಡೋ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಅದೇ ವರ್ಷ ಪ್ರತ್ಯೇಕ ಮಸೂದೆ ಪಾಸು ಮಾಡಿತು, ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 2018ರಲ್ಲಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಈ ಕಾನೂನುಗಳಲ್ಲಿ ನೆರವಾದವನನ್ನು ಕರೆಯೋದು "ಗುಡ್ ಸಮಾರಿಟನ್" ಅಂತಲೇ. ಯೇಸು ಹೇಳಿದ ಕಥೆಯ ಆ ಪರಕೀಯ ನಮ್ಮ ಮೋಟಾರು ಕಾಯ್ದೆಯೊಳಗೂ ಬಂದು ಕೂತಿದ್ದಾನೆ :-)

ಆದ್ರೆ ಕಾನೂನು ಭಯ ತೆಗೀಬಹುದು, ಗಮನ ಕೊಡಿಸೋಕೆ ಆಗಲ್ಲ. ಅದು ಅಭ್ಯಾಸದಿಂದಲೇ ಬರಬೇಕು. ಆ ಅಭ್ಯಾಸ ಎಲ್ಲಿ?

ಲೂಕ ಸಮಾರ್ಯದವನ ಕಥೆ ಮುಗಿಸಿದ ತಕ್ಷಣ, ಅದೇ ಅಧ್ಯಾಯದಲ್ಲಿ, ಮಾರ್ಥ ಮರಿಯರ ಮನೆಗೆ ಕರೆದುಕೊಂಡು ಹೋಗ್ತಾನೆ. ಮಾರ್ಥ ಉಪಚಾರದ ಗಡಿಬಿಡಿಯಲ್ಲಿದ್ದಾಳೆ, ಮರಿಯ ಯೇಸುವಿನ ಪಾದದ ಬಳಿ ಕೂತು ಕೇಳ್ತಾಳೆ. ಯೇಸು ಮೆಚ್ಚಿದ್ದು ಮರಿಯಳನ್ನು. ಮೇಲ್ನೋಟಕ್ಕೆ ಎರಡು ಕಥೆಗೂ ಜಗಳ: ಒಂದು ಎದ್ದು ಸೇವೆ ಮಾಡು ಅನ್ನುತ್ತೆ, ಇನ್ನೊಂದು ಸುಮ್ನೆ ಕೂತು ಕೇಳು ಅನ್ನುತ್ತೆ. ನನಗೆ ಎರಡೂ ಒಂದೇ ಕಥೆ. ಇಬ್ಬರೂ ಮಾಡ್ತಿದ್ದ ಕೆಲಸ ಬಿಟ್ಟು ಎದುರಿಗಿದ್ದವನಿಗೆ ಪೂರ್ತಿಯಾಗಿ ಸಿಕ್ಕರು.

ಫ್ರಾನ್ಸಿನ ಚಿಂತಕಿ ಸಿಮೋನ್ ವೇಲ್ (1909-1943) ಪ್ರಾರ್ಥನೆಯ ತಿರುಳೇ ಗಮನ ಅಂತ ವಾದಿಸಿದವರು. ಅವರ ಪ್ರಕಾರ ಶಾಲೆಯ ರೇಖಾಗಣಿತದ ಲೆಕ್ಕ ಬಿಡಿಸೋದೂ ಅದಕ್ಕೆ ತಾಲೀಮು, ನೊಂದವನ ಕಡೆ ತಿರುಗೋದೂ ಅದೇ ಗಮನದಿಂದ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥ ಆಗಬೇಕು. ಪ್ರಾಸೆಸರಿನ ಒಂದು ಕೋರ್ ಹತ್ತು ಕೆಲಸ ಒಟ್ಟಿಗೆ ಮಾಡೋ ಹಾಗೆ ಕಾಣುತ್ತೆ, ನಿಜಕ್ಕೂ ಒಂದರಿಂದ ಇನ್ನೊಂದಕ್ಕೆ ಹಾರ್ತಾ ಇರುತ್ತೆ, ಪ್ರತಿ ಹಾರಾಟಕ್ಕೂ ಬೆಲೆ ತೆರುತ್ತೆ. ಆರಾಧನೆಯಲ್ಲಿ ಕಣ್ಣುಮುಚ್ಚಿ ಜೇಬಿನ ಫೋನು ನಡುಗಿತಾ ಅಂತ ಕಾಯೋದೂ, ಮನೆಯಲ್ಲಿ ಅಮ್ಮ ಮಾತಾಡುವಾಗ "ಹೂಂ ಹೂಂ" ಅನ್ನುತ್ತಾ ಸ್ಕ್ರೀನ್ ನೋಡೋದೂ ಒಂದೇ ರೋಗ.

ಇನ್ನೊಂದು ಮಾತು ನಮ್ಮ ಕ್ರೈಸ್ತರಿಗೇ. ಗಮನ ಕೊಡೋದು ಅಂದ್ರೆ ಒಳಗೊಂದು ಲೆಕ್ಕ ಇಟ್ಟುಕೊಂಡು ಹತ್ತಿರ ಹೋಗೋದಲ್ಲ. ಸಮಾರ್ಯದವನು ಬಿದ್ದವನ ಮತ ಕೇಳಲಿಲ್ಲ, ತನ್ನದನ್ನು ಹೇಳಲೂ ಇಲ್ಲ. ಮಾರ್ಕನ ಸುವಾರ್ತೆಯಲ್ಲಿ ಕುರುಡ ಬಾರ್ತಿಮಾಯ ಕೂಗಿದಾಗ ಯೇಸು ನಿಂತು, ನಿನಗೇನಾಗಬೇಕು ಅಂತ ಕೇಳ್ತಾನೆ. ಕುರುಡನಿಗೆ ಏನು ಬೇಕು ಅಂತ ಯಾರಿಗೆ ಗೊತ್ತಾಗಲ್ಲ? ಆದ್ರೂ ಕೇಳ್ತಾನೆ. ಅವನ ಬಾಯಿಂದಲೇ ಬರಲಿ ಅಂತ ಕಾಯ್ತಾನೆ. ನಾವೋ, ಎದುರಿಗಿದ್ದವರು ಬಾಯಿ ತೆರೆಯೋ ಮೊದಲೇ ವಚನ ರೆಡಿ ಇಟ್ಟಿರ್ತೀವಿ!

"ಎಲ್ಲರಿಗೂ ಹಿಂಗೆ ನಿಲ್ತಾ ಹೋದ್ರೆ ಆಫೀಸು ಸೇರೋದ್ಯಾವಾಗ?" ಅಂತೀರಾ? ಸಮಾರ್ಯದವನಿಗೂ ಪ್ರಯಾಣ ಇತ್ತು. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದ್ರೆ ವಾಪಸ್ ಬಂದಾಗ ಕೊಡ್ತೀನಿ ಅಂತ ಹೇಳಿ ಹೊರಟ. ಇಡೀ ಜನ್ಮ ಅಲ್ಲೇ ಕೂರಲಿಲ್ಲ. ಆದ್ರೆ ಇದ್ದಷ್ಟು ಹೊತ್ತು ಪೂರ್ತಿ ಇದ್ದ.

ಆವತಿಯ ಪಾಳೇಗಾರ ರಣಭೈರೇಗೌಡರ ಮನೆತನ ಕಂಚಿ ಕಡೆಯಿಂದ ಬಂಡಿ ಕಟ್ಟಿಕೊಂಡು ವಲಸೆ ಬಂದದ್ದು ಅಂತ ನಮ್ಮ ಕಡೆ ಪ್ರತೀತಿ. ಪರವೂರಿನವರು ಬಂದು ನಿಂತು ಬೆಳೆಸಿದ ಊರು ಅನ್ನಿ. ಈಗ ದೇವನಹಳ್ಳಿ ಸುತ್ತ ಕಟ್ಟಡ ಕೆಲಸಕ್ಕೆ ಉತ್ತರದಿಂದ ಬಂದ ಎಷ್ಟೋ ಹುಡುಗರಿದ್ದಾರೆ. ದಿನಾ ಕಾಣ್ತಾರೆ. ಅವರಲ್ಲಿ ಒಬ್ಬನ ಹೆಸರಾದ್ರೂ ಗೊತ್ತಿದ್ಯಾ ಅಂತ ನಾವು ನಾವೇ ಕೇಳಿಕೊಂಡರೆ ಭಾನುವಾರದ ಪ್ರಾರ್ಥನೆ ಎಷ್ಟು ಪ್ರಾಮಾಣಿಕ ಅನ್ನೋದು ತಿಳಿದೀತು. ನೀವೇನಂತೀರಿ?